ಡಿಸ್ಕ್‌ರಹಿತ ಗಣಕಜಾಲದಲ್ಲಿ ಕ್ಲೈಂಟ್ ಯಂತ್ರಗಳ ವಿನ್ಯಾಸ: ಹೊರನಾಡಿನ ಕನ್ನಡ ವಿಭಾಗಗಳ ದೃಷ್ಟಿಯಿಂದ ಒಂದು ವಿವೇಚನೆ

1. ಪ್ರವೇಶ

ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿರುವ ಕನ್ನಡ ವಿಭಾಗಗಳು ಸಾಮಾನ್ಯವಾಗಿ ಚಿಕ್ಕವು. ಕೆಲವೇ ಮಂದಿ ಅಧ್ಯಾಪಕರು, ಎರಡು ತರಗತಿಗಳ ವಿದ್ಯಾರ್ಥಿಗಳು, ಬೆರಳೆಣಿಕೆಯ ಸಂಶೋಧಕರು, ಇಷ್ಟೇ ಅವುಗಳ ಸಂಸಾರ. ಇಂಥ ವಿಭಾಗಕ್ಕೆ ಸ್ವಂತ ಗಣಕ ಪ್ರಯೋಗಾಲಯ ದೊರೆಯುವುದು ವಿರಳ. ಮುಂಬಯಿಯಲ್ಲಾದರೆ ಮರಾಠಿ, ಗುಜರಾತಿ, ಹಿಂದಿಗಳೊಡನೆಯೂ ಚೆನ್ನೈಯಲ್ಲಾದರೆ ತಮಿಳು, ತೆಲುಗು, ಮಲಯಾಳಗಳೊಡನೆಯೂ ಹಂಚಿಕೊಂಡ ಪ್ರಯೋಗಾಲಯದಲ್ಲಿ ಕನ್ನಡದ ವಿದ್ಯಾರ್ಥಿ ತನ್ನ ಪಾಲಿಗೆ ಬಂದ ಗಂಟೆಯಲ್ಲಿ ಕುಳಿತು ಕೆಲಸ ಮುಗಿಸಬೇಕಾಗುತ್ತದೆ. ಆತ ಕುಳಿತ ಯಂತ್ರದ ಪರದೆಯ ಮೇಲೆ ಕನ್ನಡ ಅಕ್ಷರಗಳ ಬದಲು ಖಾಲಿ ಚೌಕಗಳು ಮೂಡಿದರೆ, ಒತ್ತಿದ ಕೀಲಿಗೆ ಕನ್ನಡದ ‘ಕ’ಕಾರದ ಬದಲು ಬೇರೊಂದು ಲಿಪಿಯ ಅಕ್ಷರ ಬಂದರೆ, ನಿನ್ನೆ ಬರೆದಿಟ್ಟ ಅಧ್ಯಾಯ ಇಂದು ಕಾಣೆಯಾಗಿದ್ದರೆ, ಆ ಗಂಟೆ ಅವನ ಪಾಲಿಗೆ ಇಲ್ಲವಾದಂತೆಯೇ ಸರಿ. ಇಂಥ ಸಂದರ್ಭಗಳಲ್ಲಿ ಯಂತ್ರ ಕೆಟ್ಟಿದೆ ಎಂದು ಹೇಳಿ ಎದ್ದು ಹೋಗುವುದು ವಾಡಿಕೆ. ಆದರೆ ಈ ಮೂರು ತೊಂದರೆಗಳೂ ಬಹುಮಟ್ಟಿಗೆ ಯಂತ್ರದ ದೋಷಗಳಲ್ಲ, ವಿನ್ಯಾಸದ ದೋಷಗಳು. ಅವು ಹುಟ್ಟುವ ನೆಲೆ ಯಾವುದು, ಪರಿಹಾರ ಎಲ್ಲಿ ಆಗಬೇಕು ಎಂಬುದನ್ನು ತಿಳಿದವರು ಪ್ರಯೋಗಾಲಯದ ವ್ಯವಸ್ಥಾಪಕರಿಗೆ ಅದನ್ನು ಖಚಿತವಾದ ಮಾತುಗಳಲ್ಲಿ ಹೇಳಬಲ್ಲರು.

ಶಿಕ್ಷಣ ಸಂಸ್ಥೆಗಳ ಪ್ರಯೋಗಾಲಯಗಳಲ್ಲಿ ಡಿಸ್ಕ್‌ರಹಿತ ವ್ಯವಸ್ಥೆಗೆ ತನ್ನದೇ ಆದ ಸ್ಥಾನವಿದೆ. ಹಾರ್ಡ್‌ಡಿಸ್ಕ್ ಇಲ್ಲದ, ಇಲ್ಲವೇ ಇದ್ದರೂ ಅದನ್ನು ಬಳಸದ ಹಲವು ಯಂತ್ರಗಳು ಜಾಲದ ಮೂಲಕ ಒಂದೇ ಸರ್ವರ್‌ನಿಂದ ತಮ್ಮ ಕಾರ್ಯಾಚರಣ ವ್ಯವಸ್ಥೆಯನ್ನು ಪಡೆದು ಆರಂಭಗೊಳ್ಳುವ ಕ್ರಮವಿದು. ಪ್ರಸ್ತುತ ಲೇಖನದಲ್ಲಿ ಈ ಕ್ರಮದ ಸ್ವರೂಪವನ್ನೂ ಅದರಲ್ಲಿ ಪ್ರತಿಯೊಂದು ಕ್ಲೈಂಟ್ ಯಂತ್ರಕ್ಕೆ ಬೇಕಾದ ವಿನ್ಯಾಸವನ್ನು ರೂಪಿಸುವ ಬಗೆಯನ್ನೂ ಕನ್ನಡದ ಅಗತ್ಯಗಳನ್ನು ಮುಂದಿಟ್ಟುಕೊಂಡು ವಿವರಿಸಲಾಗಿದೆ. ಉದಾಹರಣೆಗೆ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್, ಅಂದರೆ ಎಲ್‌ಟಿಎಸ್‌ಪಿ ಎಂಬ ಮುಕ್ತ ತಂತ್ರಾಂಶವನ್ನು ಆರಿಸಿಕೊಳ್ಳಲಾಗಿದೆ.

2. ಪರಿಭಾಷೆಯ ಕುರಿತು ಎರಡು ಮಾತು

ಯಂತ್ರವನ್ನು ಚಾಲನೆಗೆ ತರುವ ಕ್ರಿಯೆಯನ್ನು ಇಂಗ್ಲಿಷಿನಲ್ಲಿ ಬೂಟ್ ಎನ್ನುತ್ತಾರೆ. ಅದು ಬೂಟ್‌ಸ್ಟ್ರಾಪ್ ಎಂಬ ಮಾತಿನ ಸಂಕ್ಷೇಪ. ತಾನು ತೊಟ್ಟ ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸವನ್ನು ಅದು ಸೂಚಿಸುತ್ತದೆ. ತಂತ್ರಾಂಶವನ್ನು ತುಂಬಿಕೊಳ್ಳಲು ತಂತ್ರಾಂಶವೇ ಬೇಕು ಎಂಬ ಇಕ್ಕಟ್ಟು ಈ ರೂಪಕದ ಹಿಂದಿದೆ. ಕನ್ನಡದಲ್ಲಿ ‘ಆರಂಭ’ ಎಂಬ ಮಾತು ಈ ಇಕ್ಕಟ್ಟನ್ನು ಸೂಚಿಸದಿದ್ದರೂ ಅರ್ಥಕ್ಕೆ ಸಾಕಾಗುತ್ತದೆ. ಕ್ಲೈಂಟ್ ಎಂಬುದಕ್ಕೆ ನ್ಯಾಯಾಲಯದ ಕನ್ನಡದಲ್ಲಿ ‘ಕಕ್ಷಿದಾರ’, ಅಂಗಡಿಯ ಕನ್ನಡದಲ್ಲಿ ‘ಗಿರಾಕಿ’ ಎಂಬ ಪದಗಳಿವೆ. ಇಲ್ಲಿನ ಸಂಬಂಧ ಈ ಎರಡೂ ಅಲ್ಲ, ಬೇಡುವ ಯಂತ್ರಕ್ಕೂ ನೀಡುವ ಯಂತ್ರಕ್ಕೂ ಇರುವ ಸಂಬಂಧ. ಆದುದರಿಂದ ಕ್ಲೈಂಟ್, ಸರ್ವರ್ ಎಂಬ ಬಳಕೆಯ ಮಾತುಗಳನ್ನೇ ಇಲ್ಲಿ ಉಳಿಸಿಕೊಳ್ಳಲಾಗಿದೆ. ಸರ್ವರ್‌ನಲ್ಲಿ ಸಿದ್ಧಪಡಿಸಿದ ಕಾರ್ಯಾಚರಣ ವ್ಯವಸ್ಥೆಯ ಇಡಿಯ ಅಚ್ಚಿಗೆ ‘ಪ್ರತಿರೂಪ’ ಎಂದೂ ಆಯ್ಕೆಗಳನ್ನು ಬರೆದಿಡುವ ಕಡತಕ್ಕೆ ‘ವಿನ್ಯಾಸ ಕಡತ’ ಎಂದೂ ಕರೆಯಲಾಗಿದೆ.

3. ಹಿನ್ನೆಲೆ

ಡಿಸ್ಕ್‌ರಹಿತ ಯಂತ್ರಗಳ ಕಲ್ಪನೆ 1980ರ ದಶಕದಲ್ಲಿ ಬಲಗೊಂಡಿತು. ಆಗ ಹಾರ್ಡ್‌ಡಿಸ್ಕುಗಳ ಬೆಲೆ ಬಹಳ ಹೆಚ್ಚು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್‌ಗಳನ್ನು ಮಾರುಕಟ್ಟೆಗೆ ತಂದಿತು. ಕಡತಗಳನ್ನು ಜಾಲದ ಮೂಲಕ ಹಂಚಿಕೊಳ್ಳುವ ಎನ್‌ಎಫ್‌ಎಸ್ ಎಂಬ ಪದ್ಧತಿಯೂ ಅದೇ ಸಂಸ್ಥೆಯ ಕೊಡುಗೆ. ಡಿಸ್ಕ್ ಇಲ್ಲದ ಯಂತ್ರಕ್ಕೆ ತನ್ನ ವಿಳಾಸವೂ ತಿಳಿದಿರುವುದಿಲ್ಲವಾದ್ದರಿಂದ ಅದನ್ನು ಕೇಳಿ ಪಡೆಯುವ ನಿಯಮಾವಳಿಗಳು ಒಂದರ ಹಿಂದೊಂದು ರೂಪುಗೊಂಡವು. 1984ರ ಆರ್‌ಎಆರ್‌ಪಿ ವಿಳಾಸವನ್ನಷ್ಟೇ ಒದಗಿಸುತ್ತಿತ್ತು. 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಪ್ರಕಟಿಸಿದ ಬೂಟ್‌ಪಿ ವಿಳಾಸದ ಜೊತೆಗೆ ಯಾವ ಸರ್ವರ್‌ನಿಂದ ಯಾವ ಕಡತವನ್ನು ತರಬೇಕೆಂಬುದನ್ನೂ ತಿಳಿಸುವಂತಾಯಿತು. 1993ರಲ್ಲಿ ಬಂದ ಡಿಎಚ್‌ಸಿಪಿ, ವಿಳಾಸವನ್ನು ನಿಗದಿತ ಅವಧಿಗೆ ಎರವಲಾಗಿ ಕೊಡುವ ಕ್ರಮವನ್ನು ಸೇರಿಸಿತು. ಜಾಲದಿಂದ ಆರಂಭಗೊಳ್ಳುವ ವಿಧಾನವನ್ನು ಯಂತ್ರಾಂಶದಲ್ಲಿಯೇ ಅಳವಡಿಸುವ ಪಿಎಕ್ಸ್‌ಇ ಮಾನಕವನ್ನು ಇಂಟೆಲ್ ಸಂಸ್ಥೆ ರೂಪಿಸಿತು. ಅದರ 2.1ನೆಯ ಆವೃತ್ತಿ 1999ರ ಸೆಪ್ಟೆಂಬರಿನಲ್ಲಿ ಹೊರಬಂದಿತು.

ಎಲ್‌ಟಿಎಸ್‌ಪಿ ಆರಂಭವಾದದ್ದೂ 1999ರಲ್ಲಿಯೇ. ಜಿಮ್ ಮೆಕ್‌ಕ್ವಿಲನ್ ಆರಂಭಿಸಿದ ಈ ಯೋಜನೆಯಲ್ಲಿ ಹಳೆಯ, ದುರ್ಬಲ ಯಂತ್ರಗಳು ಪರದೆ ಮತ್ತು ಕೀಲಿಮಣೆಗಳಾಗಿ ಮಾತ್ರ ಕೆಲಸ ಮಾಡುತ್ತಿದ್ದವು. ಗಣನೆಯೆಲ್ಲ ಸರ್ವರ್‌ನಲ್ಲಿಯೇ ನಡೆಯುತ್ತಿತ್ತು. ಕ್ರಮೇಣ ಕ್ಲೈಂಟ್ ಯಂತ್ರಗಳ ಶಕ್ತಿ ಹೆಚ್ಚಿದಂತೆ ಈ ಸ್ವರೂಪ ಬದಲಾಯಿತು. 2019ರಲ್ಲಿ ತಂತ್ರಾಂಶವನ್ನು ಸಂಪೂರ್ಣವಾಗಿ ಹೊಸದಾಗಿ ಬರೆಯಲಾಯಿತು. ಈಗಿನ ವ್ಯವಸ್ಥೆಯಲ್ಲಿ ಕ್ಲೈಂಟ್ ತನ್ನ ಪ್ರೊಸೆಸರ್ ಮತ್ತು ಸ್ಮೃತಿಯನ್ನು ತಾನೇ ಬಳಸುತ್ತದೆ. ಸರ್ವರ್‌ನಿಂದ ಕಡತಗಳನ್ನು ಮಾತ್ರ ಪಡೆಯುತ್ತದೆ. ಡಿಸ್ಕ್ ಅಗ್ಗವಾದ ಮೇಲೂ ಈ ಪದ್ಧತಿ ಉಳಿದುಕೊಂಡಿರುವುದಕ್ಕೆ ಕಾರಣ ಬೆಲೆಯಲ್ಲ, ನಿರ್ವಹಣೆಯ ಸುಲಭತೆ. ಇಪ್ಪತ್ತು ಯಂತ್ರಗಳಲ್ಲಿ ಇಪ್ಪತ್ತು ಬಾರಿ ಮಾಡಬೇಕಾದ ಕೆಲಸವನ್ನು ಇಲ್ಲಿ ಒಂದು ಬಾರಿ ಮಾಡಿದರೆ ಸಾಕು. ಒಂದು ಬಾರಿ ಮಾಡಿದ ತಪ್ಪು ಇಪ್ಪತ್ತು ಯಂತ್ರಗಳಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆ ಈ ಯಂತ್ರಗಳಿಗೆ ಅಕ್ಷರಶಃ ಅನ್ವಯಿಸುತ್ತದೆ.

4. ಆರಂಭದ ಹಂತಗಳು

ವಿನ್ಯಾಸದ ಚರ್ಚೆಗೆ ಮುನ್ನ ಕ್ಲೈಂಟ್ ಯಂತ್ರ ಎಚ್ಚರಗೊಳ್ಳುವ ಕ್ರಮವನ್ನು ಗಮನಿಸಬೇಕು. ಗುಂಡಿ ಒತ್ತಿದಾಗ ಆ ಯಂತ್ರಕ್ಕೆ ತನ್ನ ಹೆಸರು ಗೊತ್ತಿಲ್ಲ, ತಾನು ಇರುವ ಜಾಲದ ಸ್ವರೂಪವೂ ತಿಳಿಯದು. ಅದು ಬಲ್ಲದ್ದು ತನ್ನ ಜಾಲ ಕಾರ್ಡಿನಲ್ಲಿ ತಯಾರಕರು ಕೆತ್ತಿಟ್ಟ ಮ್ಯಾಕ್ ವಿಳಾಸವೊಂದನ್ನೇ. ಇದು 48 ಬಿಟ್‌ಗಳ ಸಂಖ್ಯೆ. ಎರಡೆರಡು ಅಂಕೆಗಳ ಆರು ಜೋಡಿಗಳಾಗಿ, ಉದಾಹರಣೆಗೆ 00:11:22:33:44:55 ಎಂಬಂತೆ ಇದನ್ನು ಬರೆಯುವುದು ರೂಢಿ.

ಮೊದಲನೆಯ ಹಂತದಲ್ಲಿ ಯಂತ್ರವು ಜಾಲದಲ್ಲಿರುವ ಎಲ್ಲರಿಗೂ ಕೇಳಿಸುವಂತೆ ಒಂದು ಕೋರಿಕೆಯನ್ನು ಬಿತ್ತರಿಸುತ್ತದೆ. ಈ ಕೋರಿಕೆಯಲ್ಲಿ ಅದರ ಮ್ಯಾಕ್ ವಿಳಾಸವೂ ತಾನು ಪಿಎಕ್ಸ್‌ಇ ಕ್ಲೈಂಟ್ ಎಂಬ ಸೂಚನೆಯೂ ಇರುತ್ತವೆ. ಡಿಎಚ್‌ಸಿಪಿ ಸರ್ವರ್ ಒಂದು ವಿಳಾಸವನ್ನು ನೀಡಲು ಮುಂದಾಗುತ್ತದೆ, ಕ್ಲೈಂಟ್ ಅದನ್ನು ಬಯಸುತ್ತದೆ, ಸರ್ವರ್ ಖಚಿತಪಡಿಸುತ್ತದೆ. ಹೀಗೆ ನಾಲ್ಕು ಸಂದೇಶಗಳಲ್ಲಿ ಈ ವ್ಯವಹಾರ ಮುಗಿಯುತ್ತದೆ. ಇದರೊಂದಿಗೆ ಆರಂಭದ ಕಡತ ಎಲ್ಲಿದೆ, ಅದರ ಹೆಸರೇನು ಎಂಬುದೂ ತಿಳಿಯುತ್ತದೆ.

ಎರಡನೆಯ ಹಂತದಲ್ಲಿ ಟಿಎಫ್‌ಟಿಪಿ ಎಂಬ ಸರಳ ನಿಯಮಾವಳಿಯ ಮೂಲಕ ಚಿಕ್ಕದೊಂದು ಆರಂಭ ತಂತ್ರಾಂಶ ಬಂದು ಸೇರುತ್ತದೆ. ಟಿಎಫ್‌ಟಿಪಿ ಮೂಲತಃ 512 ಬೈಟ್‌ಗಳ ಒಂದೊಂದು ತುಣುಕನ್ನು ಕಳುಹಿಸಿ, ಅದು ತಲುಪಿತೆಂಬ ಉತ್ತರ ಬಂದ ಮೇಲೆಯೇ ಮುಂದಿನದನ್ನು ಕಳುಹಿಸುವ ಪದ್ಧತಿ. ಸರಳವಾದುದರಿಂದ ಜಾಲ ಕಾರ್ಡಿನ ಪುಟ್ಟ ಸ್ಮೃತಿಯಲ್ಲಿ ಅಡಗಿ ಕುಳಿತುಕೊಳ್ಳಬಲ್ಲದು. ಅದೇ ಕಾರಣದಿಂದ ನಿಧಾನವೂ ಹೌದು. ಎಲ್‌ಟಿಎಸ್‌ಪಿಯಲ್ಲಿ ಹೀಗೆ ಬರುವ ತಂತ್ರಾಂಶ ಐಪಿಎಕ್ಸ್‌ಇ. ಅದು ಒಂದು ಆಯ್ಕೆಪಟ್ಟಿಯನ್ನು ತೋರಿಸಿ, ಲಿನಕ್ಸ್ ಕರ್ನೆಲನ್ನೂ ಆರಂಭಿಕ ಕಡತಗಳ ಎರಡು ಕಟ್ಟುಗಳನ್ನೂ ತರಿಸಿಕೊಳ್ಳುತ್ತದೆ. ಈ ಎರಡು ಕಟ್ಟುಗಳಲ್ಲಿ ಒಂದು ವಿನ್ಯಾಸ ಕಡತವನ್ನು ಹೊತ್ತು ತರುತ್ತದೆ.

ಮೂರನೆಯ ಹಂತದಲ್ಲಿ ಕರ್ನೆಲ್ ಚಾಲನೆಗೊಂಡು, ಸರ್ವರ್‌ನಲ್ಲಿರುವ ಪ್ರತಿರೂಪವನ್ನು ಎನ್‌ಎಫ್‌ಎಸ್ ಮೂಲಕ ತನ್ನ ಮೂಲ ಕಡತವ್ಯವಸ್ಥೆಯಾಗಿ ಸ್ವೀಕರಿಸುತ್ತದೆ. ಈ ಪ್ರತಿರೂಪವು ಸ್ಕ್ವಾಷ್‌ಎಫ್‌ಎಸ್ ಎಂಬ ಸಂಕುಚಿತ ರೂಪದಲ್ಲಿರುತ್ತದೆ. ಇದು ಓದಲು ಮಾತ್ರ ಬರುವಂಥದು. ಇದರಲ್ಲಿ ಯಾವ ಕ್ಲೈಂಟೂ ಏನನ್ನೂ ಬರೆಯಲಾರದು. ಆದರೆ ಕೆಲಸ ಮಾಡುವ ಯಂತ್ರ ಅಲ್ಲಲ್ಲಿ ಬರೆಯದೆ ಇರಲೂ ಸಾಧ್ಯವಿಲ್ಲ. ಆದುದರಿಂದ ಅದರ ಮೇಲೆ ಸ್ಮೃತಿಯಲ್ಲಿ ತೆಳುವಾದ ಪದರವೊಂದನ್ನು ಹೊದಿಸಲಾಗುತ್ತದೆ. ತಾಳೆಗರಿಯ ಪ್ರತಿಯನ್ನು ಮುಟ್ಟದೆ ಅದರ ಮೇಲೆ ಪಾರದರ್ಶಕ ಹಾಳೆಯನ್ನಿಟ್ಟು ಟಿಪ್ಪಣಿ ಬರೆದಂತೆ ಇದು. ವಿದ್ಯುತ್ತು ಹೋದೊಡನೆ ಆ ಹಾಳೆ ಇಲ್ಲವಾಗುತ್ತದೆ, ಪ್ರತಿ ಹಾಗೆಯೇ ಉಳಿಯುತ್ತದೆ.

ನಾಲ್ಕನೆಯ ಹಂತದಲ್ಲಿ ವಿನ್ಯಾಸ ಕಡತವನ್ನು ಓದಿಕೊಂಡು ಯಂತ್ರವು ತನ್ನ ಹೆಸರು, ಪರದೆಯ ಅಳತೆ, ಮುದ್ರಕ ಮೊದಲಾದವನ್ನು ಹೊಂದಿಸಿಕೊಳ್ಳುತ್ತದೆ. ಕೊನೆಯದಾಗಿ ಬಳಕೆದಾರ ತನ್ನ ಹೆಸರು ಮತ್ತು ಗುಪ್ತಪದ ನೀಡಿದಾಗ, ಸರ್ವರ್‌ನಲ್ಲಿರುವ ಆತನ ಖಾಸಗಿ ಕಡತಕೋಶ ತೆರೆದುಕೊಳ್ಳುತ್ತದೆ.

5. ನಾಲ್ಕು ನೆಲೆಗಳು

ಮೇಲಿನ ವಿವರಣೆಯಿಂದ ಒಂದು ಮುಖ್ಯ ಸಂಗತಿ ಸ್ಪಷ್ಟವಾಗುತ್ತದೆ. ಸಾಮಾನ್ಯ ಯಂತ್ರದಲ್ಲಿ ಒಂದೇ ಡಿಸ್ಕಿನೊಳಗೆ ಬೆರೆತು ಹೋಗಿರುವ ವಸ್ತುಗಳು ಇಲ್ಲಿ ನಾಲ್ಕು ನೆಲೆಗಳಲ್ಲಿ ಹಂಚಿಹೋಗಿವೆ. ಎಲ್ಲ ಯಂತ್ರಗಳಿಗೂ ಸಮಾನವಾದದ್ದು ಪ್ರತಿರೂಪದಲ್ಲಿದೆ. ಒಂದೊಂದು ಯಂತ್ರಕ್ಕೆ ವಿಶಿಷ್ಟವಾದದ್ದು ವಿನ್ಯಾಸ ಕಡತದಲ್ಲಿದೆ. ಒಬ್ಬೊಬ್ಬ ವ್ಯಕ್ತಿಗೆ ವಿಶಿಷ್ಟವಾದದ್ದು ಆತನ ಖಾಸಗಿ ಕಡತಕೋಶದಲ್ಲಿದೆ. ಕ್ಷಣಿಕವಾದದ್ದು ಸ್ಮೃತಿಯ ಪದರದಲ್ಲಿದೆ. ಯಾವುದೇ ಬದಲಾವಣೆಯನ್ನು ಮಾಡುವ ಮುನ್ನ ಅದು ಎಲ್ಲರದೇ, ಯಂತ್ರದ್ದೇ, ವ್ಯಕ್ತಿಯದೇ, ಇಲ್ಲವೇ ಕ್ಷಣದ್ದೇ ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ ಡಿಸ್ಕ್‌ರಹಿತ ವ್ಯವಸ್ಥೆಯ ವಿನ್ಯಾಸದ ಅರ್ಧ ಸಮಸ್ಯೆ ಪರಿಹಾರವಾದಂತೆ.

ಕನ್ನಡದ ಅಗತ್ಯಗಳನ್ನು ಈ ಚೌಕಟ್ಟಿನಲ್ಲಿ ಇಟ್ಟು ನೋಡಬಹುದು. ಗುಬ್ಬಿ, ನವಿಲು, ಲೋಹಿತ್, ನೋಟೋ ಮೊದಲಾದ ಯೂನಿಕೋಡ್ ಅಕ್ಷರವಿನ್ಯಾಸಗಳು ಎಲ್ಲ ಯಂತ್ರಗಳಿಗೂ ಬೇಕಾದವು; ಅವು ಪ್ರತಿರೂಪದೊಳಗೆ ಇರಬೇಕು. ಅಕಾರಾದಿ ಕ್ರಮ, ದಿನಾಂಕದ ರೂಪ ಮೊದಲಾದವನ್ನು ನಿರ್ಧರಿಸುವ ಕನ್ನಡದ ‘ಲೊಕೇಲ್’ ಕೂಡ ಪ್ರತಿರೂಪದೊಳಗೆ ಸಿದ್ಧವಾಗಿರಬೇಕು. ಪದಕೋಶದ ಕೆಲಸ ಮಾಡುವ ಸಂಶೋಧಕನಿಗೆ ಇದು ಅಲಂಕಾರದ ವಿಷಯವಲ್ಲ, ಆತನ ಪದಪಟ್ಟಿ ಸರಿಯಾಗಿ ಜೋಡಣೆಗೊಳ್ಳುವುದು ಇದರಿಂದಲೇ. ಯಂತ್ರಕ್ಕೆ ತಗುಲಿಸಿದ ಕೀಲಿಮಣೆಯ ವಿನ್ಯಾಸ, ಪರದೆಯ ಅಳತೆ, ಹತ್ತಿರದ ಮುದ್ರಕ ಇವು ಯಂತ್ರಕ್ಕೆ ಸಂಬಂಧಿಸಿದವು. ಇನ್‌ಸ್ಕ್ರಿಪ್ಟ್, ಕಗಪ, ಲಿಪ್ಯಂತರ ಇವುಗಳಲ್ಲಿ ತನಗೆ ರೂಢಿಯಾದ ಬರವಣಿಗೆಯ ಕ್ರಮ ಯಾವುದೆಂಬುದು ಬರೆಯುವವನ ಆಯ್ಕೆ. ಇನ್‌ಸ್ಕ್ರಿಪ್ಟ್ ವಿನ್ಯಾಸ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಚೌಕಟ್ಟುಳ್ಳದ್ದಾದ್ದರಿಂದ ಬಹುಭಾಷಾ ಪ್ರಯೋಗಾಲಯದಲ್ಲಿ ಅದಕ್ಕೆ ಅನುಕೂಲವಿದೆ. ಆದರೆ ಕರ್ನಾಟಕದಲ್ಲಿ ಕಗಪ ವಿನ್ಯಾಸದಲ್ಲಿ ಕೈ ಪಳಗಿಸಿಕೊಂಡು ಬಂದ ವಿದ್ಯಾರ್ಥಿಗೆ ಅದನ್ನೇ ಕಲಿಯಬೇಕೆಂದು ಒತ್ತಾಯಿಸುವುದು ನ್ಯಾಯವಲ್ಲ. ಐಬಸ್ ಮೊದಲಾದ ಊಡಿಕೆಯ ತಂತ್ರಾಂಶಗಳು ಇಂಥ ಆಯ್ಕೆಯನ್ನು ವ್ಯಕ್ತಿಯ ಖಾಸಗಿ ಕಡತಕೋಶದಲ್ಲಿ ಬರೆದಿಡುತ್ತವೆ. ಹೀಗಾಗಿ ವಿದ್ಯಾರ್ಥಿ ಯಾವ ಯಂತ್ರದ ಮುಂದೆ ಕುಳಿತರೂ ಅವನ ಕೀಲಿವಿನ್ಯಾಸ ಅವನನ್ನು ಹಿಂಬಾಲಿಸುತ್ತದೆ. ಆದರೆ ಆ ತಂತ್ರಾಂಶ ಪ್ರತಿರೂಪದಲ್ಲಿ ಇದ್ದರಷ್ಟೇ ಇದು ಸಾಧ್ಯ.

6. ವಿನ್ಯಾಸ ಕಡತದ ರಚನೆ

ಎಲ್‌ಟಿಎಸ್‌ಪಿಯ ವಿನ್ಯಾಸ ಕಡತ ಸರಳವಾದ ಪಠ್ಯ ಕಡತ. ಚೌಕ ಕಂಸಗಳೊಳಗೆ ಬರೆದ ಶೀರ್ಷಿಕೆಗಳಿಂದ ಅದು ವಿಭಾಗಗಳಾಗಿ ಒಡೆದಿರುತ್ತದೆ. ಪ್ರತಿಯೊಂದು ವಿಭಾಗದ ಕೆಳಗೆ ‘ಹೆಸರು, ಸಮಚಿಹ್ನೆ, ಬೆಲೆ’ ಎಂಬ ರೂಪದ ಸಾಲುಗಳು ಬರುತ್ತವೆ. ‘ಸರ್ವರ್’ ಎಂಬ ವಿಭಾಗ ಸರ್ವರ್‌ಗೆ ಮಾತ್ರ, ‘ಕ್ಲೈಂಟ್ಸ್’ ಎಂಬುದು ಎಲ್ಲ ಕ್ಲೈಂಟ್‌ಗಳಿಗೆ, ‘ಕಾಮನ್’ ಎಂಬುದು ಉಭಯರಿಗೂ ಅನ್ವಯಿಸುತ್ತದೆ. ಇದಲ್ಲದೆ ಮ್ಯಾಕ್ ವಿಳಾಸವನ್ನು, ಜಾಲದ ವಿಳಾಸವನ್ನು ಅಥವಾ ಯಂತ್ರದ ಹೆಸರನ್ನು ಶೀರ್ಷಿಕೆಯಾಗಿಟ್ಟು ಒಂದೇ ಯಂತ್ರಕ್ಕೆ ಸೀಮಿತವಾದ ವಿಭಾಗವನ್ನು ರಚಿಸಬಹುದು. ಸಾಮಾನ್ಯ ಸೂತ್ರವನ್ನು ಮೊದಲು ಹೇಳಿ ವಿಶೇಷ ವಿಧಿಯನ್ನು ಅನಂತರ ಹೇಳುವ ಕ್ರಮ ವ್ಯಾಕರಣದ ಅಭ್ಯಾಸಿಗಳಿಗೆ ಹೊಸದೇನಲ್ಲ. ಉತ್ಸರ್ಗವನ್ನು ಅಪವಾದ ಬಾಧಿಸುವಂತೆ ಇಲ್ಲಿಯೂ ಎಲ್ಲರಿಗೂ ಬರೆದದ್ದನ್ನು ಒಂದು ಯಂತ್ರಕ್ಕೆಂದು ಬರೆದದ್ದು ಬದಲಿಸುತ್ತದೆ.

ಈ ಕಡತದಲ್ಲಿ ಬರೆಯಬಹುದಾದ ಸಂಗತಿಗಳು ಹಲವು. ಯಂತ್ರದ ಹೆಸರು, ಹಳೆಯ ಪರದೆಗಳಿಗೆ ಹೊಂದುವ ಅಳತೆ, ಮುದ್ರಣ ಸರ್ವರ್‌ನ ವಿಳಾಸ, ಕರ್ನೆಲ್‌ಗೆ ಕೊಡಬೇಕಾದ ಹೆಚ್ಚುವರಿ ಸೂಚನೆಗಳು, ಗುಪ್ತಪದವಿಲ್ಲದೆ ತಾನಾಗಿ ಒಳಪ್ರವೇಶಿಸಬೇಕಾದ ಬಳಕೆದಾರನ ಹೆಸರು, ಆರಂಭದ ಒಂದು ಹಂತದ ಮುನ್ನ ಅಥವಾ ಅನಂತರ ನಡೆಯಬೇಕಾದ ಆದೇಶಗಳು ಇತ್ಯಾದಿ. 2019ಕ್ಕೂ ಹಿಂದಿನ ಆವೃತ್ತಿಗಳಲ್ಲಿ ಕೀಲಿಮಣೆಯ ವಿನ್ಯಾಸಕ್ಕೆಂದೇ ಪ್ರತ್ಯೇಕ ಸಾಲುಗಳಿದ್ದವು. ಹೊಸ ರಚನೆಯಲ್ಲಿ ಅದನ್ನು ಪ್ರತಿರೂಪದಲ್ಲಿಯೇ ನಿಗದಿಪಡಿಸುವುದು, ಯಂತ್ರಕ್ಕೊಂದು ಬಗೆ ಬೇಕಾದರೆ ಆರಂಭಾನಂತರದ ಆದೇಶವಾಗಿ ಬರೆಯುವುದು ಸೂಕ್ತ. ಹಳೆಯ ಕೈಪಿಡಿಯನ್ನು ನೋಡಿ ಹೊಸ ಕಡತವನ್ನು ಬರೆಯುವವರು ಎಡವುವುದು ಇಂಥ ಕಡೆಗಳಲ್ಲಿಯೇ.

ಬಹುಭಾಷಾ ಪ್ರಯೋಗಾಲಯಕ್ಕೆ ವಿಶೇಷವಾಗಿ ಉಪಯುಕ್ತವಾದದ್ದು ‘ಇನ್‌ಕ್ಲೂಡ್’ ಎಂಬ ಸೌಲಭ್ಯ. ರೋಮನ್ ಅಕ್ಷರಗಳಲ್ಲಿ ‘ಕನ್ನಡ’ ಎಂಬ ಹೆಸರಿನ ವಿಭಾಗವೊಂದನ್ನು ರಚಿಸಿ, ಕನ್ನಡದ ಯಂತ್ರಗಳಿಗೆ ಬೇಕಾದುದೆಲ್ಲವನ್ನೂ ಅದರಲ್ಲಿ ಒಮ್ಮೆ ಬರೆದಿಡಬಹುದು. ಅನಂತರ ಆಯಾ ಯಂತ್ರದ ಮ್ಯಾಕ್ ವಿಳಾಸದ ಕೆಳಗೆ ಈ ವಿಭಾಗವನ್ನು ಸೇರಿಸಿಕೊಳ್ಳಬೇಕೆಂಬ ಒಂದೇ ಸಾಲು ಸಾಕು. ಇಪ್ಪತ್ತು ಯಂತ್ರಗಳಲ್ಲಿ ನಾಲ್ಕನ್ನು ಕನ್ನಡಕ್ಕೆ ಮೀಸಲಿಡಬೇಕಾದರೆ ನಾಲ್ಕು ಕಡೆ ಒಂದೊಂದು ಸಾಲು ಬರೆದರಾಯಿತು. ಮುಂದೆ ಏನನ್ನಾದರೂ ತಿದ್ದಬೇಕಾದರೆ ಒಂದೇ ಕಡೆ ತಿದ್ದಿದರೆ ಸಾಕಾಗುತ್ತದೆ. ಮರಾಠಿಗೆ, ಉರ್ದುವಿಗೆ, ತಮಿಳಿಗೆ ಇದೇ ರೀತಿ ಪ್ರತ್ಯೇಕ ವಿಭಾಗಗಳನ್ನು ಮಾಡಬಹುದು. ಒಂದು ಭಾಷೆಯ ಅನುಕೂಲ ಮತ್ತೊಂದಕ್ಕೆ ತೊಡಕಾಗದಂತೆ ಎಲ್ಲವೂ ಒಂದೇ ಕಡತದಲ್ಲಿ ಬಾಳಬಲ್ಲವು.

ಯಂತ್ರವನ್ನು ಗುರುತಿಸಲು ಜಾಲದ ವಿಳಾಸಕ್ಕಿಂತ ಮ್ಯಾಕ್ ವಿಳಾಸ ಹೆಚ್ಚು ವಿಶ್ವಾಸಾರ್ಹ. ಡಿಎಚ್‌ಸಿಪಿ ಕೊಡುವ ವಿಳಾಸ ಎರವಲಿನದು, ಇಂದು 192.168.67.25 ಆಗಿದ್ದ ಯಂತ್ರ ರಜೆಯ ನಂತರ ಬೇರೆಯಾಗಬಹುದು. ಆ ವಿಳಾಸಕ್ಕೆ ಕಟ್ಟಿದ ಕನ್ನಡದ ವಿನ್ಯಾಸ ಆಗ ಪಕ್ಕದ ಯಂತ್ರಕ್ಕೆ ಹೋಗಿ ಸೇರುತ್ತದೆ. ಮ್ಯಾಕ್ ವಿಳಾಸ ಹಾಗೆ ಅಲೆಯುವುದಿಲ್ಲ. ಆದರೆ ಜಾಲ ಕಾರ್ಡನ್ನು ಬದಲಿಸಿದಾಗ ಅದೂ ಬದಲಾಗುತ್ತದೆಯಾದ್ದರಿಂದ ದುರಸ್ತಿಯ ನಂತರ ಕಡತವನ್ನು ಪರಿಶೀಲಿಸುವುದು ಅಗತ್ಯ. ಪ್ರತಿಯೊಂದು ಯಂತ್ರದ ಮೇಲೆ ಅದರ ಹೆಸರನ್ನೂ ಮ್ಯಾಕ್ ವಿಳಾಸವನ್ನೂ ಬರೆದ ಚೀಟಿಯನ್ನು ಅಂಟಿಸಿ, ಅದರ ಪಟ್ಟಿಯನ್ನು ಕಾಗದದ ಮೇಲೂ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

7. ಬದಲಾವಣೆ ಯಾವಾಗ ಜಾರಿಗೆ ಬರುತ್ತದೆ

ಡಿಸ್ಕ್‌ರಹಿತ ವ್ಯವಸ್ಥೆಯ ಕುರಿತ ದೂರುಗಳಲ್ಲಿ ಸಾಮಾನ್ಯವಾದದ್ದು, ಬದಲಾವಣೆ ಮಾಡಿದರೂ ಕ್ಲೈಂಟ್‌ನಲ್ಲಿ ಕಾಣಿಸುವುದಿಲ್ಲ ಎಂಬುದು. ಇದಕ್ಕೆ ಉತ್ತರ ಮೇಲೆ ಹೇಳಿದ ನೆಲೆಗಳಲ್ಲಿಯೇ ಇದೆ.

ಸರ್ವರ್‌ನಲ್ಲಿ ಕನ್ನಡದ ಅಕ್ಷರವಿನ್ಯಾಸವನ್ನು ಸ್ಥಾಪಿಸಿದಾಗ ಅದು ಸರ್ವರ್‌ನ ಪರದೆಯ ಮೇಲೆ ತಕ್ಷಣ ಕಾಣಿಸುತ್ತದೆ. ವ್ಯವಸ್ಥಾಪಕರು ಅದನ್ನು ನೋಡಿ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಆದರೆ ಕ್ಲೈಂಟ್‌ಗಳು ಓದುವುದು ಸರ್ವರ್‌ನ ಡಿಸ್ಕನ್ನಲ್ಲ, ಅದರಿಂದ ಹಿಂದೊಮ್ಮೆ ತೆಗೆದ ಪ್ರತಿರೂಪವನ್ನು. ‘ಎಲ್‌ಟಿಎಸ್‌ಪಿ ಇಮೇಜ್’ ಎಂಬ ಆದೇಶದಿಂದ ಪ್ರತಿರೂಪವನ್ನು ಮತ್ತೆ ಸಿದ್ಧಪಡಿಸಿ, ಕ್ಲೈಂಟ್‌ಗಳನ್ನು ಪುನರಾರಂಭಿಸಿದ ಮೇಲೆಯೇ ಹೊಸ ಅಕ್ಷರವಿನ್ಯಾಸ ಅವುಗಳಿಗೆ ದೊರೆಯುತ್ತದೆ. ಹಳೆಯ ಮುದ್ರಣದ ಮೊಳೆಗಳನ್ನು ತಿದ್ದಿದ ಮಾತ್ರಕ್ಕೆ ಈಗಾಗಲೇ ಅಚ್ಚಾದ ಪುಸ್ತಕ ತಿದ್ದಿಕೊಳ್ಳುವುದಿಲ್ಲವಷ್ಟೆ.

ವಿನ್ಯಾಸ ಕಡತವನ್ನು ತಿದ್ದಿದಾಗ ಪ್ರತಿರೂಪವನ್ನು ಮತ್ತೆ ಮಾಡಬೇಕಾಗಿಲ್ಲ. ಅದಕ್ಕೆ ‘ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ’ ಎಂಬ ಆದೇಶ ಸಾಕು. ಅದು ತಿದ್ದಿದ ಕಡತವನ್ನು ಆರಂಭಿಕ ಕಟ್ಟಿನಲ್ಲಿ ಮತ್ತೆ ಸೇರಿಸುತ್ತದೆ. ಈ ಆದೇಶವನ್ನು ಮರೆತರೆ ಕ್ಲೈಂಟ್‌ಗಳು ಹಳೆಯ ಕಡತವನ್ನೇ ಓದುತ್ತಿರುತ್ತವೆ. ಇನ್ನು ವ್ಯಕ್ತಿಯ ಖಾಸಗಿ ಕಡತಕೋಶದಲ್ಲಿ ಮಾಡಿದ ಬದಲಾವಣೆಗಳಿಗೆ ಯಾವ ಆದೇಶವೂ ಬೇಡ. ಅವು ನೇರವಾಗಿ ಸರ್ವರ್‌ಗೆ ಹೋಗಿ ಸೇರುತ್ತವೆ.

ನಾಲ್ಕನೆಯ ನೆಲೆಯಾದ ಸ್ಮೃತಿಯ ಪದರದ ಬಗ್ಗೆ ವಿದ್ಯಾರ್ಥಿಗಳಿಗೆ ಮೊದಲ ದಿನವೇ ತಿಳಿಸಬೇಕು. ತನ್ನ ಕಡತಕೋಶದ ಹೊರಗೆ, ತಾತ್ಕಾಲಿಕ ಕಡತಗಳ ಸ್ಥಳದಲ್ಲಿ ಉಳಿಸಿದ ಬರಹ ಯಂತ್ರ ಆರಿದೊಡನೆ ಇಲ್ಲವಾಗುತ್ತದೆ. ಹಾರ್ಡ್‌ಡಿಸ್ಕಿನಲ್ಲಿ ಅಳಿಸಿದ ಕಡತವನ್ನು ಕೆಲವೊಮ್ಮೆ ಮರಳಿ ಪಡೆಯಬಹುದು; ಇಲ್ಲಿ ಆ ಆಸೆಯೂ ಇಲ್ಲ. ಎಲ್ಲರೂ ಸಮಾನವಾಗಿ ಬಳಸುವ, ಗುಪ್ತಪದವಿಲ್ಲದ ಅತಿಥಿ ಖಾತೆಯನ್ನು ತೆರೆದಿಟ್ಟ ಪ್ರಯೋಗಾಲಯಗಳಲ್ಲಿ ಅಪಾಯ ಇನ್ನೂ ಹೆಚ್ಚು. ಅಲ್ಲಿ ಖಾತೆಯ ಕಡತಕೋಶವನ್ನೇ ಸ್ಮೃತಿಯ ಪದರದಲ್ಲಿ ಇಡುವುದುಂಟು, ಇಲ್ಲವೇ ಒಬ್ಬರ ಬರಹವನ್ನು ಮತ್ತೊಬ್ಬರು ಅಳಿಸಬಹುದು. ಪ್ರತಿಯೊಬ್ಬ ಸಂಶೋಧಕನಿಗೂ ಸ್ವಂತ ಖಾತೆ ಇರಬೇಕೆಂಬ ಬೇಡಿಕೆ ಆಡಂಬರವಲ್ಲ, ಅನಿವಾರ್ಯ.

8. ಜಾಲದ ಕೆಲವು ಪ್ರಾಯೋಗಿಕ ಸಂಗತಿಗಳು

ಮೊದಲನೆಯದಾಗಿ, ಪ್ರತಿಯೊಂದು ಕ್ಲೈಂಟ್ ಯಂತ್ರದ ಮೂಲ ಹೊಂದಾಣಿಕೆಯಲ್ಲಿ ಜಾಲದಿಂದ ಆರಂಭಗೊಳ್ಳುವ ಆಯ್ಕೆ ತೆರೆದಿರಬೇಕು ಮತ್ತು ಆರಂಭದ ಸರದಿಯಲ್ಲಿ ಅದು ಮೊದಲು ಬರಬೇಕು. ಯುಇಎಫ್‌ಐ ಯಂತ್ರಗಳಲ್ಲಿ ‘ಸೆಕ್ಯೂರ್ ಬೂಟ್’ ಎಂಬ ರಕ್ಷಣೆ ಮಾನ್ಯವಾದ ಸಹಿಯಿಲ್ಲದ ಆರಂಭ ತಂತ್ರಾಂಶವನ್ನು ತಡೆಯುತ್ತದೆ ಎಂಬುದನ್ನೂ ಗಮನಿಸಬೇಕು. ನಿಸ್ತಂತು ಜಾಲದಿಂದ ಹೀಗೆ ಆರಂಭಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲವಾದ್ದರಿಂದ ತಂತಿಯ ಸಂಪರ್ಕ ಅಗತ್ಯ.

ಎರಡನೆಯದಾಗಿ, ಒಂದೇ ಜಾಲದಲ್ಲಿ ಇಬ್ಬರು ವಿಳಾಸದಾತರು ಇರಬಾರದು. ವಿಶ್ವವಿದ್ಯಾಲಯದ ಜಾಲದಲ್ಲಿ ಈಗಾಗಲೇ ಡಿಎಚ್‌ಸಿಪಿ ಸರ್ವರ್ ಇರುತ್ತದೆ. ಪ್ರಯೋಗಾಲಯದವರು ತಮ್ಮದೂ ಒಂದನ್ನು ಆರಂಭಿಸಿದರೆ ಇತರ ಕಚೇರಿಗಳ ಯಂತ್ರಗಳೂ ತಪ್ಪು ವಿಳಾಸ ಪಡೆದು ಗೊಂದಲ ಉಂಟಾಗುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಸರ್ವರ್‌ಗೆ ಎರಡು ಜಾಲ ಕಾರ್ಡುಗಳನ್ನು ಹಾಕಿ ಪ್ರಯೋಗಾಲಯವನ್ನು ಪ್ರತ್ಯೇಕ ಜಾಲವಾಗಿಸುವುದು ಒಂದು. ಪ್ರಾಕ್ಸಿ ಡಿಎಚ್‌ಸಿಪಿ ಎಂಬ ಕ್ರಮದಲ್ಲಿ ವಿಳಾಸವನ್ನು ಮೂಲ ಸರ್ವರ್‌ಗೇ ಬಿಟ್ಟು, ಆರಂಭದ ಕಡತದ ಮಾಹಿತಿಯನ್ನಷ್ಟೇ ತಾನು ಒದಗಿಸುವುದು ಇನ್ನೊಂದು. ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಈ ಎರಡೂ ಕೆಲಸಗಳನ್ನು ಮಾಡಬಲ್ಲದು.

ಮೂರನೆಯದು ವೇಗಕ್ಕೆ ಸಂಬಂಧಿಸಿದ್ದು. ಗಂಟೆ ಹೊಡೆದೊಡನೆ ಇಪ್ಪತ್ತು ವಿದ್ಯಾರ್ಥಿಗಳು ಇಪ್ಪತ್ತು ಯಂತ್ರಗಳನ್ನು ಒಮ್ಮೆಲೇ ಚಾಲೂ ಮಾಡುತ್ತಾರೆಂದು ಭಾವಿಸೋಣ. ಒಂದೊಂದು ಯಂತ್ರ ಆರಂಭದಲ್ಲಿ 200 ಮೆಗಾಬೈಟ್‌ನಷ್ಟು ಓದಿದರೆ ಒಟ್ಟು 4000 ಮೆಗಾಬೈಟ್ ಆಗುತ್ತದೆ. ಸರ್ವರ್‌ನ ಸಂಪರ್ಕ ಸೆಕೆಂಡಿಗೆ 100 ಮೆಗಾಬಿಟ್ ಆಗಿದ್ದರೆ, ಅಂದರೆ 12.5 ಮೆಗಾಬೈಟ್ ಆಗಿದ್ದರೆ, ಇದಕ್ಕೆ ಕನಿಷ್ಠ 320 ಸೆಕೆಂಡುಗಳು ಬೇಕು. ಗಿಗಾಬಿಟ್ ಸಂಪರ್ಕವಿದ್ದರೆ ಲೆಕ್ಕದ ಮೇಲೆ 32 ಸೆಕೆಂಡುಗಳು ಸಾಕು. ಒಂದು ಗಂಟೆಯ ಅವಧಿಯಲ್ಲಿ ಐದು ನಿಮಿಷಗಳನ್ನು ಉಳಿಸುವುದು ಒಂದು ಸ್ವಿಚ್ ಪೆಟ್ಟಿಗೆಯ ಆಯ್ಕೆಯನ್ನು ಅವಲಂಬಿಸಿರುತ್ತದೆ.

ನಾಲ್ಕನೆಯದಾಗಿ, ಟಿಎಫ್‌ಟಿಪಿಯಲ್ಲಿ ಕೇಳಿದವರು ಯಾರೆಂಬ ಪರಿಶೀಲನೆ ಇಲ್ಲ. ಆರಂಭಿಕ ಕಟ್ಟಿನಲ್ಲಿರುವ ವಿನ್ಯಾಸ ಕಡತವನ್ನು ಆ ಜಾಲದಲ್ಲಿರುವ ಯಾರೇ ಆದರೂ ತರಿಸಿಕೊಂಡು ಓದಬಲ್ಲರು. ಆದುದರಿಂದ ಮುಖ್ಯ ಖಾತೆಗಳ ಗುಪ್ತಪದಗಳನ್ನು ಅದರಲ್ಲಿ ಬರೆಯಬಾರದು. ಕೊನೆಯದಾಗಿ, ಸರ್ವರ್ ಕೆಟ್ಟರೆ ಪ್ರಯೋಗಾಲಯವೆಲ್ಲ ಕೆಟ್ಟಂತೆ. ಖಾಸಗಿ ಕಡತಕೋಶಗಳ ನಕಲನ್ನು ಬೇರೊಂದು ಡಿಸ್ಕಿನಲ್ಲಿ ನಿಯತವಾಗಿ ತೆಗೆದಿಡದ ಡಿಸ್ಕ್‌ರಹಿತ ಪ್ರಯೋಗಾಲಯ ಹಲವರ ವರ್ಷಗಳ ಶ್ರಮವನ್ನು ಒಂದೇ ಎಳೆಯಲ್ಲಿ ತೂಗುಹಾಕಿದೆಯೆಂದೇ ಹೇಳಬೇಕು.

9. ಹಳೆಯ ಬರಹಗಳ ಪ್ರಶ್ನೆ

ಕನ್ನಡಕ್ಕೆ ವಿಶಿಷ್ಟವಾದ ಇನ್ನೊಂದು ತೊಡಕನ್ನು ಇಲ್ಲಿ ಪ್ರಸ್ತಾಪಿಸಬೇಕು. ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಪ್ರಬಂಧಗಳು, ಪದಪಟ್ಟಿಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು ವಿಭಾಗಗಳಲ್ಲಿ ಅಪಾರವಾಗಿ ಉಳಿದಿವೆ. ಅವುಗಳಲ್ಲಿ ಕನ್ನಡದ ಆಕೃತಿಗಳನ್ನು ರೋಮನ್ ಮೊದಲಾದ ಸಂಕೇತಗಳ ಸ್ಥಾನದಲ್ಲಿ ಇಟ್ಟಿರುವುದರಿಂದ, ಆಯಾ ಅಕ್ಷರವಿನ್ಯಾಸ ಇಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಖಾಲಿ ಚೌಕಗಳು ಕಾಣಿಸಿದರೆ ಪ್ರತಿರೂಪದಲ್ಲಿ ಕನ್ನಡ ಅಕ್ಷರವಿನ್ಯಾಸವಿಲ್ಲ ಎಂದರ್ಥ. ರೋಮನ್ ಅಕ್ಷರಗಳ ಗೊಂದಲ ಕಾಣಿಸಿದರೆ ಕಡತವೇ ಹಳೆಯ ಸಂಕೇತದಲ್ಲಿದೆ ಎಂದರ್ಥ. ಮೊದಲನೆಯದಕ್ಕೆ ಪರಿಹಾರ ಸರ್ವರ್‌ನಲ್ಲಿದೆ. ಎರಡನೆಯದಕ್ಕೆ ಪರಿಹಾರ ಆ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಮೂಲದೊಡನೆ ಹೋಲಿಸಿ ತಿದ್ದುವುದರಲ್ಲಿದೆ. ಈ ಎರಡನ್ನು ಬೇರ್ಪಡಿಸಿ ನೋಡದೆ ವ್ಯವಸ್ಥಾಪಕರಿಗೆ ‘ಕನ್ನಡ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಅವರು ಏನನ್ನೂ ಮಾಡಲಾರರು.

10. ಉಪಸಂಹಾರ

ಆರಂಭದಲ್ಲಿ ಹೇಳಿದ ಮೂರು ತೊಂದರೆಗಳ ಮೂಲವನ್ನು ಈಗ ಗುರುತಿಸಬಹುದು. ಖಾಲಿ ಚೌಕಗಳು ಪ್ರತಿರೂಪದ ಕೊರತೆ. ತಪ್ಪು ಲಿಪಿಯ ಅಕ್ಷರ ಯಂತ್ರದ ವಿನ್ಯಾಸ ಕಡತದ ಕೊರತೆ, ಅಥವಾ ಬಳಕೆದಾರನ ಸ್ವಂತ ಆಯ್ಕೆಯ ಕೊರತೆ. ಕಾಣೆಯಾದ ಅಧ್ಯಾಯ ಬರಹವನ್ನು ಕ್ಷಣಿಕ ಪದರದಲ್ಲಿ ಇಟ್ಟುದರ ಪರಿಣಾಮ. ಮೂರಕ್ಕೂ ಪರಿಹಾರವಿದೆ; ಯಾವುದಕ್ಕೂ ಹೊಸ ಯಂತ್ರಗಳ ಖರೀದಿ ಬೇಕಿಲ್ಲ.

ಹೊರನಾಡಿನ ಪ್ರಯೋಗಾಲಯಗಳನ್ನು ನೋಡಿಕೊಳ್ಳುವವರು ಕನ್ನಡ ಬಲ್ಲವರಾಗಿರಬೇಕೆಂದೇನೂ ಇಲ್ಲ. ಅವರಿಗೆ ಕನ್ನಡದ ಬಗ್ಗೆ ವಿರೋಧವಿರುವುದಿಲ್ಲ. ಏನು ಬೇಕೆಂಬುದು ತಿಳಿದಿರುವುದಿಲ್ಲ, ಅಷ್ಟೆ. ವಿನ್ಯಾಸ ಕಡತದಲ್ಲಿ ಕನ್ನಡಕ್ಕೆ ಒಂದು ವಿಭಾಗ ತಾನಾಗಿ ಹುಟ್ಟುವುದಿಲ್ಲ. ಅದನ್ನು ಕೇಳುವವರು ಬೇಕು. ಯಾವ ಅಕ್ಷರವಿನ್ಯಾಸಗಳು, ಯಾವ ಊಡಿಕೆಯ ಕ್ರಮಗಳು, ಯಾವ ಯಂತ್ರಗಳು, ಎಷ್ಟು ಖಾತೆಗಳು ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಟ್ಟರೆ ನುರಿತ ವ್ಯವಸ್ಥಾಪಕರಿಗೆ ಅದು ದೀರ್ಘವಾದ ಕೆಲಸವಲ್ಲ. ಸರ್ವರ್ ಬದಲಾದಾಗ, ವ್ಯವಸ್ಥಾಪಕರು ಬದಲಾದಾಗ ಆ ಪುಟವನ್ನು ಮತ್ತೆ ಕೊಡಬೇಕಾಗುತ್ತದೆ. ಆದುದರಿಂದ ವಿಭಾಗದ ಇತರ ದಾಖಲೆಗಳ ಜೊತೆಗೆ ಅದರ ಒಂದು ಪ್ರತಿಯನ್ನು ವಿಭಾಗದಲ್ಲಿಯೇ ಉಳಿಸಿಕೊಳ್ಳುವುದು ಒಳಿತು.